ಕೇಕ್ ಮಿಕ್ಸಿನ ಕುಕೀ

ಧಾರವಾಡದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಮಗಳ ಹುಟ್ಟುಹಬ್ಬಕ್ಕೆ ತಂದು ಉಳಿದಿದ್ದ ವೆನಿಲಾ ಕೇಕ್ ಮಿಕ್ಸಿನ ಪೊಟ್ಟಣ ಒಡೆದು ಇಬ್ಬರೂ ಕುಕೀ ಮಾಡಿದೆವು. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್ ಎಲ್ಲವೂ ಅದರಲ್ಲೇ ಇರುತ್ತವೆ. ಕೇಕಿಗೆ ಹಾಕುವಷ್ಟು ನೀರು ಹಾಕದೆ ಹಿಟ್ಟನ್ನು ಗಟ್ಟಿಯಾಗಿ ಕಲಸಿದರೆ ಅದೇ ಕುಕೀ. ನಮ್ಮಲ್ಲಿ ಮೊಟ್ಟೆ ಬಳಸುವುದಿಲ್ಲ. ಕರಗಿಸಿದ ಬೆಣ್ಣೆ ಹಾಕಿ, ಉಂಡೆ ಕಟ್ಟಲು ಬರುವವರೆಗೆ ಚಮಚ ಚಮಚವಾಗಿ ಹಾಲು ಸೇರಿಸಿದೆ. 180 ಡಿಗ್ರಿಯಲ್ಲಿ 10 ನಿಮಿಷ ಸಾಕು. ಅಂಚು ಹೊಂಬಣ್ಣಕ್ಕೆ ತಿರುಗಿದರೂ ನಡುವೆ ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಿರುತ್ತವೆ. ಬೆಂದಿಲ್ಲವೆಂದು ಮತ್ತೆ ಒಳಗೆ ತಳ್ಳಬೇಡಿ. ಆರುತ್ತ ಆರುತ್ತ ಗಟ್ಟಿಯಾಗುತ್ತವೆ.

ತಟ್ಟೆ ಹೊರತೆಗೆದಾಗ ನೆನಪಾದದ್ದು ನಾನ್‌ಖಟಾಯಿ. ದೀಪಾವಳಿಗೆ ಮುಂಚೆ ಅವ್ವ ಮೈದಾ, ಸಕ್ಕರೆ, ಡಾಲ್ಡಾ ಕಟ್ಟಿಕೊಂಡು ಓಣಿಯ ಬೇಕರಿಗೆ ಹೊರಡುತ್ತಿದ್ದಳು. ನಾನು ಖಾಲಿ ಡಬ್ಬಿ ಹಿಡಿದು ಹಿಂದೆ. ಸರದಿ ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮರಳುವಾಗ ಆ ತಗಡಿನ ಡಬ್ಬಿಯ ಬಿಸಿ ಎದೆಗೆ ತಾಗುತ್ತಿತ್ತು. ಅಷ್ಟು ಹೊತ್ತು ಕಾದು ತಿಂದದ್ದಕ್ಕೇ ಆ ರುಚಿಯೋ ಏನೋ. ಮಗಳು ಮಾತ್ರ ಇಂದು ಆ 10 ನಿಮಿಷವನ್ನೂ ಓವನ್ನಿನ ಗಾಜಿಗೆ ಮುಖವಿಟ್ಟೇ ಕಳೆದಳು.

ಅವ್ವ ಚಹಾದಲ್ಲಿ ಅದ್ದಿ ಒಂದನ್ನು ತಿಂದು, "ಏಲಕ್ಕಿ ಹಾಕಬೇಕಿತ್ತಲ್ಲ ತಂಗಿ" ಎಂದಳು. ಎರಡನೆಯ ತಟ್ಟೆಗೆ ನಾಲ್ಕು ಏಲಕ್ಕಿ ಕುಟ್ಟಿ ಹಾಕಿದೆ. ಈಗ ಮನೆಯೆಲ್ಲ ಆ ಓಣಿಯ ಘಮ.