ಈಗ ಕೇಳುತ್ತಿರುವವರು ಯಾರು?

1996ರ ಮಳೆಗಾಲದಲ್ಲಿ ಮುಂಬಯಿಯ ಮಾಟುಂಗದ ನಮ್ಮ ಮನೆಯಲ್ಲಿ ದೊಡ್ಡಮ್ಮನಿಗೆ ಇ-ಮೇಲ್ ಕಲಿಸುವ ಸಲುವಾಗಿ ನಾನು ನೋಟ್‌ಬುಕ್ಕೊಂದರಲ್ಲಿ ಕನ್ನಡದಲ್ಲಿಯೇ ಪಾಠ ಬರೆದುಕೊಟ್ಟಿದ್ದೆ. ಅದನ್ನು ಎರಡು ಸಲ ಬರೆಯಬೇಕಾಯಿತು. ಮೊದಲನೆಯ ಪಾಠ ಏಕೆ ಕೈಕೊಟ್ಟಿತು, ಎರಡನೆಯದು ಏಕೆ ಕೈಹಿಡಿಯಿತು ಎಂಬುದನ್ನು ವಿವರವಾಗಿ ಬರೆದಿಡಬೇಕೆಂಬುದು ನನ್ನ ಬಹುದಿನದ ಆಸೆ. ಹೊಸಬರಿಗೆ ಯಂತ್ರವೊಂದನ್ನು ಪರಿಚಯಿಸಲು ಕುಳಿತಾಗಲೆಲ್ಲ ನನಗೆ ಇಂದಿಗೂ ನೆನಪಾಗುವುದು ಆ ಎರಡನೆಯ ಪಾಠವೇ.

ದೊಡ್ಡಮ್ಮನ ಮಗ, ಎಂದರೆ ನನ್ನ ಅಣ್ಣ, ಹಿಂದಿನ ವರ್ಷ ಓದಲೆಂದು ಅಮೆರಿಕಕ್ಕೆ ಹೋಗಿದ್ದ. ಐಎಸ್‌ಡಿ ಕರೆಗೆ ನಿಮಿಷಕ್ಕೆ ಹತ್ತಾರು ರೂಪಾಯಿ ತೆರಬೇಕಾಗಿದ್ದ ಕಾಲ ಅದು. ಏರೋಗ್ರಾಮ್ ಅಲ್ಲಿಗೆ ತಲುಪಿ, ಅವನು ಬರೆದ ಉತ್ತರ ನಮ್ಮ ಕೈಸೇರುವಷ್ಟರಲ್ಲಿ ಕೇಳಿದ ಪ್ರಶ್ನೆಯೇ ಹಳತಾಗಿರುತ್ತಿತ್ತು. ಉಡುಪಿ ಕಡೆಯ ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ ದೊಡ್ಡಮ್ಮ, ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ರೈಲು ನಿಲ್ದಾಣದ ಫಲಕಗಳನ್ನೂ ರೇಷನ್ ಕಾರ್ಡನ್ನೂ ನೋಡಿ ನೋಡಿ ಇಂಗ್ಲಿಷ್ ಅಕ್ಷರಗಳ ಗುರುತು ಹಿಡಿದಿದ್ದರು. ಮಗನಿಗೆ ತಾವೇ ಬರೆಯಬೇಕು, ತಾಯಿಮಗನ ನಡುವಿನ ಮಾತು ಮೂರನೆಯವರ ಬೆರಳಿನಿಂದ ಹೋಗಬಾರದು ಎಂಬುದು ಅವರ ಹಟ.

ಈ ಊರಿಗೆ ಇ-ಮೇಲ್ ಆಗ ತೀರ ಹೊಸದೇನೂ ಆಗಿರಲಿಲ್ಲ. 1986-87ರ ಹೊತ್ತಿಗೇ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಕಂಪ್ಯೂಟರ್‌ಗಳನ್ನು ಜೋಡಿಸುವ ಎರ್ನೆಟ್ ಯೋಜನೆಯಡಿ ಜುಹುವಿನ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿಯ ಯಂತ್ರಕ್ಕೂ ಪವಾಯಿಯ ಐಐಟಿಯ ಯಂತ್ರಕ್ಕೂ ನಡುವೆ ಟೆಲಿಫೋನ್ ತಂತಿಯ ಮೇಲೆ ಪತ್ರಗಳು ಓಡಾಡಿದ್ದವು. ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡಿ, ಕೂಡಿಟ್ಟ ಪತ್ರಗಳ ಕಟ್ಟನ್ನು ದಾಟಿಸಿ, ಫೋನ್ ಇಟ್ಟುಬಿಡುವ ಏರ್ಪಾಡು ಅದು. ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮ ತನ್ನ ಸೇವೆಯನ್ನು ಆರಂಭಿಸಿದಾಗ. ನಾನು ಆಗ ವಿದ್ಯಾರ್ಥಿ. ವಿದ್ಯಾರ್ಥಿಗಳಿಗೆ ಕೊಡುತ್ತಿದ್ದುದು ಚಿತ್ರಗಳಿಲ್ಲದ, ಬರಿಯ ಅಕ್ಷರಗಳ ಖಾತೆ. ಆ ಏರ್ಪಾಡಿನಲ್ಲಿ ನಮ್ಮ ಕಂಪ್ಯೂಟರ್ ಬರಿಯ ಕೀಲಿಮಣೆ ಮತ್ತು ತೆರೆ ಆಗಿತ್ತು. ಪತ್ರಗಳು ಇರುತ್ತಿದ್ದುದೂ, ಅವುಗಳನ್ನು ಓದಿಸುವ ತಂತ್ರಾಂಶ ನಡೆಯುತ್ತಿದ್ದುದೂ ದೂರದ ಯುನಿಕ್ಸ್ ಯಂತ್ರದಲ್ಲಿ. ಮುಂದಿನ ಕಷ್ಟಗಳೆಲ್ಲದರ ಮೂಲ ಈ ಒಂದು ಸಂಗತಿಯಲ್ಲಿದೆ.

ನನ್ನ ಮೊದಲ ಪಾಠ ಹದಿನಾಲ್ಕು ಸಾಲುಗಳ ಪಟ್ಟಿ. ಇದನ್ನು ಒತ್ತಿ, ಆಮೇಲೆ ಇದನ್ನು ಒತ್ತಿ, ಅನಂತರ ಎಂಟರ್ ಒತ್ತಿ ಎಂದು ಬರೆದಿದ್ದೆ. ದೊಡ್ಡಮ್ಮ ಅದನ್ನು ಅಡುಗೆಯ ಅಳತೆಯಷ್ಟೇ ನಿಷ್ಠೆಯಿಂದ ಪಾಲಿಸಿದರು. ಎರಡು ದಿನ ನಡೆಯಿತು. ಮೂರನೆಯ ದಿನ ಅರ್ಧ ಪತ್ರ ಬರೆದಾಗ ಯಾರೋ ಅಡುಗೆಮನೆಯಲ್ಲಿದ್ದ ಇನ್ನೊಂದು ಫೋನಿನ ರಿಸೀವರ್ ಎತ್ತಿದ್ದರಿಂದ ಸಂಪರ್ಕ ಕಡಿದುಹೋಯಿತು. ಪತ್ರದ ನಡುವೆಯೇ ‘ನೋ ಕ್ಯಾರಿಯರ್’ ಎಂಬ ಎರಡು ಪದಗಳು ಮೂಡಿದವು. ಪಟ್ಟಿಯಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲವಾದ್ದರಿಂದ ದೊಡ್ಡಮ್ಮ ಬರೆಯುತ್ತಲೇ ಹೋದರು, ಅಕ್ಷರಗಳೂ ತೆರೆಯ ಮೇಲೆ ಕಾಣಿಸುತ್ತಲೇ ಹೋದವು. ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಪೆಟ್ಟಿಗೆಯಾದ ಮೋಡೆಮ್ ತನಗೆ ಅರ್ಥವಾಗದ ಸಾಲುಗಳನ್ನು ಲೆಕ್ಕಿಸುವುದಿಲ್ಲ, ಆದರೆ ಒತ್ತಿದ ಅಕ್ಷರಗಳನ್ನು ಮಾತ್ರ ತೆರೆಗೆ ಮರಳಿಸುತ್ತಿರುತ್ತದೆ. ಅಷ್ಟು ಹೊತ್ತು ಅವರು ಮಗನಿಗೆಂದು ಬರೆದದ್ದು ಮೇಜಿನ ಮೇಲಿದ್ದ ಮೋಡೆಮನ್ನು ದಾಟಿ ಎಲ್ಲಿಗೂ ಹೋಗಿರಲಿಲ್ಲ. ಮರುದಿನ ಇನ್ನೊಂದು ಬಗೆಯ ತಪ್ಪಾಯಿತು. ಅಂಚೆಯ ತಂತ್ರಾಂಶವನ್ನು ತೆರೆಯುವ ಮೊದಲೇ ಪತ್ರ ಆರಂಭಿಸಿದ್ದರಿಂದ, ಪ್ರತಿ ಸಾಲಿಗೂ ‘ಕಮಾಂಡ್ ನಾಟ್ ಫೌಂಡ್’ ಎಂಬ ಉತ್ತರ ಬಂತು. ದೊಡ್ಡಮ್ಮ ಕೀಲಿಮಣೆಯಿಂದ ಕೈ ತೆಗೆದು ನನ್ನನ್ನು ಕೇಳಿದರು: “ಈಗ ನನ್ನ ಮಾತು ಕೇಳುವುದು ಯಾರು ಮಾರಾಯಾ?”

ಆ ಪ್ರಶ್ನೆಯನ್ನು ನಾನು ಮೊದಲೇ ಕೇಳಿಕೊಂಡಿದ್ದರೆ ಹದಿನಾಲ್ಕು ಸಾಲುಗಳ ಪಟ್ಟಿಯನ್ನು ಬರೆಯುತ್ತಲೇ ಇರಲಿಲ್ಲ. ಡಯಲ್-ಅಪ್ ಇ-ಮೇಲ್‌ನಲ್ಲಿ, ಎಂದರೆ ಫೋನ್ ಹಚ್ಚಿ ನಡೆಸುವ ಇ-ಮೇಲ್‌ನಲ್ಲಿ, ಕೀಲಿಮಣೆ ಒಂದೇ, ತೆರೆ ಒಂದೇ. ಆದರೆ ಆ ಒಂದೇ ಕೀಲಿಮಣೆಯಿಂದ ಹೊರಟ ಮಾತನ್ನು ಹೊತ್ತಿಗೆ ತಕ್ಕಂತೆ ನಾಲ್ಕು ಬೇರೆ ಬೇರೆ ಜನ ಕೇಳಿಸಿಕೊಳ್ಳುತ್ತಾರೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಹೊಸಬರು ಹೆದರುವುದು ಕೀಲಿಗಳು ನೆನಪಿರುವುದಿಲ್ಲವೆಂದಲ್ಲ, ತಾವು ಯಾರೆದುರು ನಿಂತಿದ್ದೇವೆ ಎಂದು ತಿಳಿಯದೆ. ಎರಡನೆಯ ಪಾಠವನ್ನು ಆ ನಾಲ್ವರ ಪರಿಚಯದಿಂದಲೇ ಆರಂಭಿಸಿದೆ. ಅವರಿಗೆ ಹೆಸರಿಟ್ಟವರು ದೊಡ್ಡಮ್ಮ.

ಮೊದಲನೆಯವರು ಆಪರೇಟರ್, ಎಂದರೆ ಮೋಡೆಮ್. ಟ್ರಂಕ್ ಕಾಲ್ ಬುಕ್ ಮಾಡಿದ ತಲೆಮಾರಿನವರಾದ ದೊಡ್ಡಮ್ಮನಿಗೆ ಈ ಹೆಸರು ತಾನಾಗಿ ಹೊಳೆಯಿತು. ‘ಎಟಿ’ ಎಂದು ಆರಂಭವಾಗುವ ಮಾತನ್ನು ಮಾತ್ರ ಇವರು ಕೇಳುತ್ತಾರೆ. ಹೇಯ್ಸ್ ಕಂಪನಿಯ 1981ರ ಮೋಡೆಮ್‌ನಿಂದ ಬಂದ ರೂಢಿ ಇದು. ‘ಎಟಿ’ ಎಂದು ಒತ್ತಿ ಎಂಟರ್ ಕೊಟ್ಟಾಗ ‘ಓಕೆ’ ಎಂದು ಉತ್ತರ ಬಂದರೆ ಆಪರೇಟರ್ ಎಚ್ಚರವಾಗಿದ್ದಾರೆ. ‘ಎಟಿಡಿಟಿ’ ಎಂದು ಬರೆದು ಅದರ ಮುಂದೆ ಫೋನ್ ನಂಬರ್ ಕೊಟ್ಟರೆ ಡಯಲ್ ಮಾಡುತ್ತಾರೆ. ಹಳೆಯ ಎಕ್ಸ್‌ಚೇಂಜಿನ ಕಟಕಟ ಸದ್ದಿನ ಲೈನಾದರೆ ಕೊನೆಯ ಅಕ್ಷರವನ್ನು ಬದಲಿಸಿ ‘ಎಟಿಡಿಪಿ’ ಎನ್ನಬೇಕು. ಅನಂತರ ಕೇಳಿಬರುವ ಕೀರಲು ಮತ್ತು ಭೋರ್ಗರೆತದ ಸದ್ದು ಕೆಟ್ಟುಹೋದ ಯಂತ್ರದ ಸದ್ದಲ್ಲ, ಎರಡು ಮೋಡೆಮ್‌ಗಳು ಯಾವ ವೇಗದಲ್ಲಿ ಮಾತನಾಡೋಣವೆಂದು ಒಪ್ಪಂದ ಮಾಡಿಕೊಳ್ಳುವ ಸದ್ದು ಎಂದು ಅಡಿಗೆರೆ ಎಳೆದು ಬರೆದಿದ್ದೆ. ‘ಕನೆಕ್ಟ್ 9600’ ಎಂದು ಬಂದರೆ ಒಪ್ಪಂದವಾಯಿತು. ‘ಬಿಜಿ’ ಎಂದು ಬಂದರೆ ಐದು ನಿಮಿಷ ಕಾಯಬೇಕು. ‘ನೋ ಕ್ಯಾರಿಯರ್’ ಎಂಬುದು ಯಾವಾಗ ಬಂದರೂ, ಪತ್ರದ ನಟ್ಟನಡುವೆ ಬಂದರೂ, ಅದರ ಅರ್ಥ ಒಂದೇ: ಈಗ ಎದುರಿಗಿರುವವರು ಪುನಃ ಆಪರೇಟರ್ ಮಾತ್ರ.

ಎರಡನೆಯವರು ವಾಚ್‌ಮನ್, ಎಂದರೆ ದೂರದ ಯಂತ್ರದ ಬಾಗಿಲು ಕಾಯುವ ತಂತ್ರಾಂಶ. ಈ ಊರಿನಲ್ಲಿ ಯಾವ ಬಿಲ್ಡಿಂಗಿಗೆ ಹೋದರೂ ಗೇಟಿನಲ್ಲಿ ಕೇಳುವವರಂತೆ ಇವರೂ ‘ಲಾಗಿನ್’ ಎಂದು ಹೆಸರು ಕೇಳಿ, ‘ಪಾಸ್‌ವರ್ಡ್’ ಎಂದು ಗುಟ್ಟಿನ ಮಾತು ಕೇಳುತ್ತಾರೆ. ಇಲ್ಲಿ ದೊಡ್ಡಮ್ಮ ಬೆಚ್ಚಿದ್ದು, ಪಾಸ್‌ವರ್ಡ್ ಒತ್ತಿದಾಗ ತೆರೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲವೆಂದು. ಇದನ್ನು ವಿವರಿಸಲು ನಾನು ಒಂದಿಡೀ ಪುಟ ಬಳಸಿದ್ದೆ, ಅದು ವ್ಯರ್ಥವಾಗಲಿಲ್ಲ. ಸಂಪರ್ಕ ಕೂಡಿದ ಮೇಲೆ ತೆರೆಯ ಮೇಲೆ ಕಾಣುವ ಅಕ್ಷರ ನಮ್ಮ ಬೆರಳಿನಿಂದ ನೇರವಾಗಿ ಅಲ್ಲಿ ಬಿದ್ದದ್ದಲ್ಲ. ಅದು ತಂತಿಯಲ್ಲಿ ದೂರದ ಯಂತ್ರಕ್ಕೆ ಹೋಗಿ, ಅಲ್ಲಿಂದ ಮರಳಿ ಬಂದದ್ದು. ಆದ್ದರಿಂದ ಅಕ್ಷರ ತಡವಾಗಿ ಕಂಡರೆ ಲೈನು ನಿಧಾನವಾಗಿದೆ ಎಂದು ಅರ್ಥ, ಮತ್ತೊಮ್ಮೆ ಒತ್ತಬಾರದು. ವಾಚ್‌ಮನ್ ಮಾತ್ರ ಗುಟ್ಟಿನ ಮಾತನ್ನು ಬೇಕೆಂದೇ ಮರಳಿಸುವುದಿಲ್ಲ, ಪಕ್ಕದಲ್ಲಿ ನಿಂತವರು ಓದಬಾರದೆಂದು. ದೊಡ್ಡಕ್ಷರ ಸಣ್ಣಕ್ಷರಗಳು ಇವರಿಗೆ ಬೇರೆ ಬೇರೆ. ಕ್ಯಾಪ್ಸ್ ಲಾಕ್ ದೀಪ ಉರಿಯುತ್ತಿದ್ದರೆ ಸರಿಯಾದ ಹೆಸರನ್ನೂ ಒಳಗೆ ಬಿಡುವುದಿಲ್ಲ.

ಮೂರನೆಯವರು ಗುಮಾಸ್ತ, ಎಂದರೆ ದೂರದ ಯಂತ್ರದಲ್ಲಿ ಆಜ್ಞೆಗಳನ್ನು ಕೇಳಿ ನಡೆಸಿಕೊಡುವ ತಂತ್ರಾಂಶ. ಶೇಕಡಾ ಚಿಹ್ನೆಯೋ ಡಾಲರ್ ಚಿಹ್ನೆಯೋ ಕಂಡರೆ ಇವರ ಮೇಜಿನ ಮುಂದೆ ಬಂದಂತೆ. ತಮಗೆ ಗೊತ್ತಿರುವ ಪದಗಳನ್ನು ಬಿಟ್ಟು ಬೇರೆ ಮಾತಿಗೆಲ್ಲ ‘ಕಮಾಂಡ್ ನಾಟ್ ಫೌಂಡ್’ ಎನ್ನುತ್ತಾರೆ, ಅದರಿಂದ ಯಾವ ಹಾನಿಯೂ ಆಗದು. ನಮಗೆ ಇವರಿಂದ ಬೇಕಾದ ಪದ ಒಂದೇ, ‘ಪೈನ್’.

ಆ ಪದ ಒತ್ತಿದೊಡನೆ ಬರುವವರು ನಾಲ್ಕನೆಯವರು, ಪೋಸ್ಟ್ ಮಾಸ್ತರರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಪೈನ್ ತಂತ್ರಾಂಶವನ್ನು ಹೊಸಬರನ್ನೇ ಗಮನದಲ್ಲಿಟ್ಟುಕೊಂಡು ಮಾಡಿದ್ದರು. ಯಾವ ಕ್ಷಣದಲ್ಲಿ ಯಾವ ಕೀಲಿಗೆ ಏನು ಅರ್ಥವೆಂಬುದು ತೆರೆಯ ಕೊನೆಯ ಎರಡು ಸಾಲುಗಳಲ್ಲಿ ಸದಾ ಬರೆದಿರುತ್ತದೆ. ಆ ಕಾಲದ ತಂತ್ರಾಂಶಗಳಲ್ಲಿ ಇಷ್ಟು ಸೌಜನ್ಯವಿದ್ದವು ಕಡಿಮೆ, ಅದಕ್ಕಾಗಿ ಅದರ ಕರ್ತೃಗಳ ಮೇಲೆ ನನಗೆ ಇಂದಿಗೂ ಗೌರವವಿದೆ. ‘ಸಿ’ ಒತ್ತಿದರೆ ಹೊಸ ಪತ್ರದ ಹಾಳೆ, ‘ಐ’ ಒತ್ತಿದರೆ ಬಂದ ಪತ್ರಗಳ ಪಟ್ಟಿ. ಬರೆದು ಮುಗಿದ ಮೇಲೆ ಕಂಟ್ರೋಲ್ ಕೀಲಿಯೊಂದಿಗೆ ‘ಎಕ್ಸ್’. ಕಳುಹಿಸಲೇ ಎಂದು ಕೇಳಿದಾಗ ‘ವೈ’. ಅಳಿಸಲೆಂದು ‘ಡಿ’ ಒತ್ತಿದರೂ ಪತ್ರ ಅಲ್ಲಿಯೇ ಗುರುತು ಹೊತ್ತು ಕುಳಿತಿರುತ್ತದೆ, ‘ಯು’ ಒತ್ತಿ ಹಿಂದಕ್ಕೆ ಪಡೆಯಬಹುದು; ಹೊರಡುವಾಗ ಕೇಳುವ ಪ್ರಶ್ನೆಗೆ ಹೌದೆಂದ ಮೇಲೆ ಮಾತ್ರ ಅದು ನಿಜವಾಗಿ ಹೋಗುತ್ತದೆ. ಬರೆಯುತ್ತಿದ್ದಾಗ ಲೈನು ಕಡಿದರೆ ಮಾಸ್ತರರು ಅರ್ಧ ಪತ್ರವನ್ನು ಎತ್ತಿಟ್ಟಿರುತ್ತಾರೆ, ಮುಂದಿನ ಸಲ ‘ಸಿ’ ಒತ್ತಿದಾಗ ಮುಂದುವರಿಸುತ್ತೀರಾ ಎಂದು ಅವರೇ ಕೇಳುತ್ತಾರೆ.

ವಿಳಾಸದ ಪಾಠ ಸುಲಭವಾಯಿತು, ಏಕೆಂದರೆ ಅದು ಲಕೋಟೆಯ ಮೇಲಿನ ವಿಳಾಸದ ಕ್ರಮದಲ್ಲಿಯೇ ಇದೆ. ಮೊದಲು ವ್ಯಕ್ತಿ, ಅನಂತರ ‘ಎಟ್ ದ ರೇಟ್’ ಚಿಹ್ನೆ, ಆಮೇಲೆ ಯಂತ್ರ, ಸಂಸ್ಥೆ, ಕೊನೆಗೆ ದೇಶ. ನಮ್ಮ ಯಂತ್ರದ ಹೆಸರು ‘ಜಿಐಎಎಸ್‌ಬಿಎಮ್01’. ಊರಿನ ಹೆಸರು ಮುಂಬಯಿ ಎಂದು ಬದಲಾದ ಮೇಲೂ ಅದರಲ್ಲಿ ಬಾಂಬೆಯ ‘ಬಿಎಮ್’ ಹಾಗೆಯೇ ಉಳಿದಿತ್ತು. ಪತ್ರ ಮರಳಿ ಬಂದಾಗ, ಅದನ್ನು ಮರಳಿಸುವ ತಂತ್ರಾಂಶದ ‘ಮೇಲರ್ ಡೀಮನ್’ ಎಂಬ ಹೆಸರು ಕಂಡು ಗಾಬರಿಯಾಗಬಾರದೆಂದೂ ಬರೆದಿದ್ದೆ. ‘ಯೂಸರ್ ಅನ್‌ನೋನ್’ ಎಂದಿದ್ದರೆ ಮನೆ ಸರಿ, ಆ ಹೆಸರಿನವರು ಅಲ್ಲಿಲ್ಲ. ‘ಹೋಸ್ಟ್ ಅನ್‌ನೋನ್’ ಎಂದಿದ್ದರೆ ಮನೆಯೇ ಸಿಗಲಿಲ್ಲ. ಎಲ್ಲಿ ತಪ್ಪಿದೆಯೆಂದು ಚಿಹ್ನೆಯ ಎಡಕ್ಕೆ ನೋಡಬೇಕೋ ಬಲಕ್ಕೆ ನೋಡಬೇಕೋ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಬಹಳ ದಿನ ಹಿಡಿದದ್ದು ಕನ್ನಡದ ವಿಷಯ. 1991ರಲ್ಲಿಯೇ, ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ ನಮ್ಮ ಕೈಗೆ ಸಿಕ್ಕ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಷ್ಟೇ ಇರುವ, 128 ಸಂಕೇತಗಳ ಆಸ್ಕಿ ಪಟ್ಟಿಯಲ್ಲಿಯೇ ಇದ್ದವು. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ ಅವರು ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಹೊರತಂದದ್ದು ಅದೇ 1996ರಲ್ಲಿ; ಆದರೆ ನಮ್ಮ ಅಕ್ಷರಮಾತ್ರದ ತೆರೆಯ ಮೇಲೆ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ. ನೋಟ್‌ಬುಕ್ಕಿನ ಹಿಂಬದಿಯ ರಟ್ಟಿಗೆ ನಾವಿಬ್ಬರೂ ಕುಳಿತು ಮಾಡಿದ ಅಕ್ಷರಗಳ ಕೋಷ್ಟಕವನ್ನು ಅಂಟಿಸಿದೆವು. ‘ಲ’ಕ್ಕೆ ಸಣ್ಣ ‘ಎಲ್’, ‘ಳ’ಕ್ಕೆ ದೊಡ್ಡ ‘ಎಲ್’, ‘ಣ’ಕ್ಕೆ ದೊಡ್ಡ ‘ಎನ್’. ಬಳೆ ಬಲೆಯಾಗಬಾರದೆಂದು ದೊಡ್ಡಮ್ಮ ಪ್ರತಿ ‘ಳ’ಕಾರದಲ್ಲಿಯೂ ನಿಂತು ಶಿಫ್ಟ್ ಕೀಲಿಯನ್ನು ಹುಡುಕುತ್ತಿದ್ದರು. ಒಂದು ಪತ್ರಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಅಷ್ಟು ಹೊತ್ತು ಲೈನನ್ನು ಹಿಡಿದಿಡುವಂತಿರಲಿಲ್ಲ. ಖಾತೆಯನ್ನು ಗಂಟೆಗಳ ಲೆಕ್ಕದಲ್ಲಿ ಕೊಂಡಿದ್ದೆವು, ಫೋನ್ ಬಿಲ್ಲು ಬೇರೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಒಂದೊಂದು ಅಕ್ಷರಕ್ಕೆ ಆದಿ ಅಂತ್ಯದ ಗುರುತುಗಳೂ ಸೇರಿ ಹತ್ತು ಬಿಟ್ ಹಿಡಿದರೆ ಸೆಕೆಂಡಿಗೆ ಸುಮಾರು 960 ಅಕ್ಷರಗಳು ದಾಟುತ್ತವೆ. ಎರಡು ಸಾವಿರ ಅಕ್ಷರಗಳ ಪತ್ರಕ್ಕೆ ಎರಡು ಮೂರು ಸೆಕೆಂಡು ಸಾಕು. ಆದ್ದರಿಂದ ಪತ್ರವನ್ನು ಫೋನ್ ಹಚ್ಚುವ ಮೊದಲೇ ನಮ್ಮ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಬರೆದು, ಸುಮಾರು ಎಪ್ಪತ್ತು ಅಕ್ಷರಗಳಿಗೊಮ್ಮೆ ಎಂಟರ್ ಒತ್ತಿ ಸಾಲು ಮುರಿದು, ಉಳಿಸಿಕೊಳ್ಳಬೇಕು. ಆಮೇಲೆ ಪೈನ್‌ನಲ್ಲಿ ಖಾಲಿ ಹಾಳೆ ತೆರೆದು, ಮೋಡೆಮ್ ಜೊತೆ ಮಾತನಾಡಲು ನಮ್ಮ ಕಂಪ್ಯೂಟರಿನಲ್ಲಿದ್ದ ಹೈಪರ್‌ಟರ್ಮಿನಲ್ ತಂತ್ರಾಂಶದ ಮೆನುವಿನಿಂದ ‘ಸೆಂಡ್ ಟೆಕ್ಸ್ಟ್ ಫೈಲ್’ ಆರಿಸಿದರೆ, ನಮ್ಮ ಪರವಾಗಿ ಆ ತಂತ್ರಾಂಶವೇ ಸರಸರನೆ ಒತ್ತುತ್ತದೆ. ಇಲ್ಲಿಯೂ ದೊಡ್ಡಮ್ಮನ ಪ್ರಶ್ನೆಯೇ ನಮ್ಮನ್ನು ಕಾಪಾಡಿತು. ಪೈನ್‌ನಲ್ಲಿ ಕಡತವನ್ನು ಸೇರಿಸಲೆಂದು ಕಂಟ್ರೋಲ್ ‘ಆರ್’ ಇದೆಯಲ್ಲ, ಅದನ್ನೇಕೆ ಒತ್ತಬಾರದು ಎಂದು ನಾನೇ ಒಂದು ಸಂಜೆ ಹೆಣಗಾಡಿದ್ದೆ. ಪೋಸ್ಟ್ ಮಾಸ್ತರರು ಕುಳಿತಿರುವುದು ದೂರದ ಯಂತ್ರದಲ್ಲಿ. ಅವರು ಹುಡುಕುವುದು ಅಲ್ಲಿಯ ಕಪಾಟಿನಲ್ಲಿ. ನಮ್ಮ ಪತ್ರ ಇರುವುದು ಇಲ್ಲಿಯ ಕಪಾಟಿನಲ್ಲಿ. ಅಣ್ಣ ಕಳುಹಿಸಿದ ಫೋಟೋವನ್ನು ಉಳಿಸಿದಾಗ ಅದು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸಿಗದಿದ್ದುದಕ್ಕೂ ಇದೇ ಕಾರಣ. ಗುಮಾಸ್ತರಿಗೆ ಹೇಳಿ ಅದನ್ನು ಜೆಡ್‌ಮೋಡೆಮ್ ಎಂಬ ಕಡತ ಸಾಗಿಸುವ ವಿಧಾನದ ಮೂಲಕ ಇಲ್ಲಿಗೆ ತರಿಸಬೇಕು, 60 ಕಿಲೋಬೈಟ್ ಚಿತ್ರಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬೇಕು.

ಹೊರಬರುವಾಗ ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಯಬೇಕು. ಪೋಸ್ಟ್ ಮಾಸ್ತರರಿಗೆ ‘ಕ್ಯು’, ಗುಮಾಸ್ತರಿಗೆ ‘ಲಾಗ್‌ಔಟ್’. ಅದಾದ ಮೇಲೆ ತಾನಾಗಿ ಬರುವ ‘ನೋ ಕ್ಯಾರಿಯರ್’ ಈ ಸಲ ಶುಭಸೂಚನೆ. ಬರದಿದ್ದರೆ ಒಂದು ಕ್ಷಣ ಸುಮ್ಮನಿದ್ದು ಮೂರು ಸಲ + ಒತ್ತಿ, ಎಂಟರ್ ಕೊಡದೆ ‘ಓಕೆ’ಗಾಗಿ ಕಾದು, ಆಪರೇಟರಿಗೆ ‘ಎಟಿಎಚ್’ ಎನ್ನಬೇಕು. ಕೊನೆಯ ಸಾಲನ್ನು ದೊಡ್ಡಮ್ಮ ತಮ್ಮ ಕೈಯಾರೆ ಪೆನ್ಸಿಲಿನಲ್ಲಿ ಸೇರಿಸಿದ್ದಾರೆ: “ಎಲ್ಲ ಮುಗಿದ ಮೇಲೆ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯಾ ಎಂದು ಕೇಳಬೇಕು.”