ಪೋರ್ಟೊಗೆ ಹೋದ್ರೆ ಡ್ರೈ ವೈಟ್ ಪೋರ್ಟ್ ಕುಡೀದೆ ಬರ್ಬೇಡಿ

ಪೋರ್ಚುಗಲ್ ಟ್ರಿಪ್ ಪ್ಲಾನ್ ಮಾಡೋರು ಬಹಳ ಜನ ಲಿಸ್ಬನ್‌ಗೇ ಜಾಸ್ತಿ ದಿನ ಇಟ್ಟು ಪೋರ್ಟೊನ ಬೆಳಗ್ಗೆ ಹೋಗಿ ರಾತ್ರಿ ಬರೋ ಲೆಕ್ಕದಲ್ಲಿ ಮುಗಿಸ್ತಾರೆ, ವೈನ್ ಬಗ್ಗೆ ಸ್ವಲ್ಪನಾದ್ರೂ ಆಸಕ್ತಿ ಇದ್ರೆ ದಯವಿಟ್ಟು ಹಾಗೆ ಮಾಡ್ಬೇಡಿ, ಪೋರ್ಟೊದಲ್ಲಿ ಎರಡು ರಾತ್ರಿ ಆದ್ರೂ ಇರಿ. ಇನ್ನೊಂದು ಮಾತು, ಗೋವಾದಲ್ಲಿ ಪೋರ್ಟ್ ವೈನ್ ಅಂತ ಸಿಗೋ ಆ ಕೆಂಪು ಸಿಹಿ ಬಾಟಲ್ ಕುಡಿದು "ನಂಗೆ ಪೋರ್ಟ್ ಇಷ್ಟ ಇಲ್ಲ" ಅಂತ ತೀರ್ಮಾನ ಮಾಡಿರೋರೇ ಈ ಡ್ರೈ ವೈಟ್ ಪೋರ್ಟ್, ಅಂದ್ರೆ ಬಿಳಿ ದ್ರಾಕ್ಷಿಯ ಸಿಹಿ ಕಮ್ಮಿ ಇರೋ ಪೋರ್ಟ್ ವೈನ್, ಮೊದಲು ಕುಡೀಬೇಕು, ಎರಡಕ್ಕೂ ಸಂಬಂಧಾನೇ ಇಲ್ಲ.

ವೈನ್ ಇಡೋ ಗೋಡೌನ್‌ಗಳೆಲ್ಲ ಇರೋದು ಪೋರ್ಟೊದಲ್ಲಲ್ಲ, ಡೋರೊ ನದಿಯ ಆ ಕಡೆ ವಿಲಾ ನೋವಾ ಡಿ ಗಾಯಾದಲ್ಲಿ. ಏರ್‌ಪೋರ್ಟಿಂದ ಮೆಟ್ರೋದಲ್ಲಿ ಟ್ರಿಂಡಾಡೆಗೆ ಬಂದು ಹಳದಿ ಲೈನ್ ಹಿಡಿದ್ರೆ ರೈಲು 1886ರ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಲ್ಲೇ ನದಿ ದಾಟತ್ತೆ, ಜಾರ್ಡಿಂ ಡೊ ಮೊರೊ ಸ್ಟೇಷನ್ನಲ್ಲಿ ಇಳ್ಕೊಂಡು ಕೆಳಗೆ ನಡೀಬಹುದು. ಇಳಿಯೋದು ಸುಲಭ, ಹತ್ತೋದು ಕಷ್ಟ. ಮಂಡಿ ನೋವಿರೋ ಅಪ್ಪ ಅಮ್ಮ ಜೊತೆಗಿದ್ರೆ ಅಲ್ಲೇ ಇರೋ ಕೇಬಲ್ ಕಾರ್ ತಗೊಳ್ಳಿ. ಈ ಗೋಡೌನ್ ಒಳಗೆ ಸುತ್ತಿ ತೋರ್ಸೋ ಸೆಲ್ಲರ್ ಟೂರ್‌ಗಳಿಗೆ ಮೊದಲೇ ಆನ್‌ಲೈನ್ ಬುಕ್ ಮಾಡಿ, ಸೆಪ್ಟೆಂಬರಲ್ಲಂತೂ ಕಡ್ಡಾಯ. ಬುಕ್ ಮಾಡುವಾಗ ಟೇಸ್ಟಿಂಗಲ್ಲಿ ಯಾವ್ಯಾವ ವೈನ್ ಕೊಡ್ತಾರೆ ಅಂತ ನೋಡ್ಕೊಳ್ಳಿ, ಎಷ್ಟೋ ಕಡೆ ಕೆಂಪು ಪೋರ್ಟೇ ಜಾಸ್ತಿ ಇರತ್ತೆ.

ಮಾಡೋ ರೀತಿ ಗೊತ್ತಿದ್ರೆ ಟೂರ್ ತುಂಬ ಚೆನ್ನಾಗಿ ಅರ್ಥ ಆಗತ್ತೆ. ದ್ರಾಕ್ಷಿ ರಸ ಹುಳಿ ಬರ್ತಾ ಇರುವಾಗ ಮಧ್ಯದಲ್ಲೇ 77 ಪರ್ಸೆಂಟ್ ಆಲ್ಕೊಹಾಲ್ ಇರೋ ದ್ರಾಕ್ಷಿ ಸ್ಪಿರಿಟ್ ಸುರೀತಾರೆ, ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲು. ಅಷ್ಟು ಸ್ಟ್ರಾಂಗ್ ಆದ್ಮೇಲೆ ಯೀಸ್ಟ್ ಕೆಲಸ ನಿಲ್ಲಿಸತ್ತೆ, ತಿನ್ನದೆ ಬಿಟ್ಟ ಸಕ್ಕರೆ ಹಾಗೇ ಉಳಿಯತ್ತೆ, ಅದಕ್ಕೇ ಪೋರ್ಟ್ ಸಿಹಿ. ಡ್ರೈ ಬೇಕಂದ್ರೆ ಇನ್ನಷ್ಟು ಹೊತ್ತು ಕಾಯ್ತಾರೆ, ಯೀಸ್ಟ್ ಬಹುಪಾಲು ಸಕ್ಕರೆ ತಿಂದ ಮೇಲೆ ಸ್ಪಿರಿಟ್ ಹಾಕ್ತಾರೆ. ಆದ್ರೂ ಪೂರ್ತಿ ಸಿಹಿ ಹೋಗಲ್ಲ, ಡ್ರೈ ಅಂತ ಬರೆದಿರೋದ್ರಲ್ಲೂ ಲೀಟರಿಗೆ ಸುಮಾರು 40ರಿಂದ 65 ಗ್ರಾಂ ಸಕ್ಕರೆ ಇರತ್ತೆ, ಎಕ್ಸ್‌ಟ್ರಾ ಡ್ರೈಲಿ ಅದಕ್ಕಿಂತ ಕಮ್ಮಿ, ಶುಗರ್ ಇರೋರು ಇದನ್ನ ನೆನಪಿಟ್ಕೊಳ್ಳಿ. ಹಾಕೋ ದ್ರಾಕ್ಷಿ ಮಾಲ್ವಸಿಯಾ ಫಿನಾ, ಗೊವೇಯೊ, ವಿಯೊಸಿನ್ಯೊ, ರಬಿಗಾಟೊ ಇಂಥವು. ಈ ಡ್ರೈ ಸ್ಟೈಲನ್ನ ಊಟಕ್ಕೆ ಮುಂಚೆ ಕುಡಿಯೋಕೆ ಅಂತ ಮೊದಲು ಮಾರ್ಕೆಟ್ಟಿಗೆ ತಂದಿದ್ದು ಟೇಲರ್ಸ್ ಕಂಪನಿ, 1934ರಲ್ಲಿ, ಚಿಪ್ ಡ್ರೈ ಅನ್ನೋ ಹೆಸರಲ್ಲಿ, ಈಗ್ಲೂ ಸಿಗತ್ತೆ.

ಟೇಸ್ಟಿಂಗಲ್ಲಿ ಇದನ್ನ ಮೊದಲು ಕುಡೀರಿ, ರೂಬಿ, ಟಾನಿ ಅನ್ನೋ ಸಿಹಿ ಕೆಂಪು ಪೋರ್ಟ್‌ಗಳಾದ್ಮೇಲೆ ಕುಡಿದ್ರೆ ನಾಲಿಗೆಗೆ ಏನೂ ಗೊತ್ತಾಗಲ್ಲ. ಚಿಲ್ಡ್ ಇರ್ಲೇಬೇಕು, ಬೆಚ್ಚಗಿದ್ರೆ ಬರೀ ಸ್ಪಿರಿಟ್ ಘಾಟು ಮೂಗಿಗೆ ಹೊಡೆಯತ್ತೆ, ವಾಪಸ್ ಕೊಟ್ಟು ತಣ್ಣಗಿರೋದು ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ತೆಳು ಹೊಂಬಣ್ಣ, ಮೊದಲ ಗುಟುಕಲ್ಲಿ ನಿಂಬೆ ಸಿಪ್ಪೆ ಥರದ ಪರಿಮಳ, ಆಮೇಲೆ ಬಾದಾಮಿ ಥರದ ಒಂದು ರುಚಿ, ನುಂಗಿದ ಮೇಲೆ ಗಂಟಲಲ್ಲಿ ಮೆಲ್ಲಗೆ ಬಿಸಿ. ಜೊತೆಗೆ ಹುರಿದು ಉಪ್ಪು ಹಾಕಿದ ಬಾದಾಮಿ ಇಲ್ಲಾ ಆಲಿವ್ ಕೊಡ್ತಾರೆ, ಹಾಗಾಗಿ ವೆಜ್ ಜನಕ್ಕೂ ತೊಂದ್ರೆ ಇಲ್ಲ. ಆಮೇಲೆ ಊಟಕ್ಕೆ ಫ್ರಾನ್ಸೆಸಿನ್ಯ ಅನ್ನೋ ಅಲ್ಲಿನ ಸ್ಯಾಂಡ್‌ವಿಚ್ ತಿನ್ನಿ ಅಂತ ಎಲ್ಲರೂ ಹೇಳ್ತಾರೆ, ಅದು ಪೂರ್ತಿ ಮಾಂಸ, ಕಾಲ್ಡೊ ವೆರ್ಡೆ ಸೂಪಲ್ಲೂ ಸಾಸೇಜ್ ಚೂರು ಹಾಕ್ತಾರೆ, ಕೇಳಿ ತಗೊಳ್ಳಿ.

ಸಂಜೆ ನದಿ ದಡದಲ್ಲಿ ಎಲ್ಲರ ಕೈಲೂ ಇರೋದು ಪೋರ್ಟೊ ಟಾನಿಕ್. ನಾನು ಬಾರ್ ಕೌಂಟರ್ ಪಕ್ಕದಲ್ಲೇ ನಿಂತು ನೋಡ್ದೆ, ದೊಡ್ಡ ಹೊಟ್ಟೆಯ ಗ್ಲಾಸಿಗೆ ಕಂಠಮಟ್ಟ ಐಸ್, ಒಂದು ಪಾಲು ಡ್ರೈ ವೈಟ್ ಪೋರ್ಟ್, ಎರಡು ಪಾಲು ಟಾನಿಕ್ ನೀರು ಗ್ಲಾಸಿನ ಅಂಚಿಂದ ನಿಧಾನಕ್ಕೆ, ಗ್ಯಾಸ್ ಹೋಗದ ಹಾಗೆ, ಒಂದೇ ಒಂದು ಸಲ ತಿರುವಿ, ಕಿತ್ತಳೆ ಬಿಲ್ಲೆ ಹಿಂಡಿ ಒಳಗೆ ಬಿಟ್ಟು, ಪುದೀನಾ ಎಲೆನ ಅಂಗೈಲಿ ಒಂದು ಸಲ ತಟ್ಟಿ ಮೇಲಿಟ್ರು. ಬಿಸಿಲಿಗೆ ಇದಕ್ಕಿಂತ ಒಳ್ಳೇದು ಆ ಊರಲ್ಲಿ ಇನ್ನೊಂದಿಲ್ಲ. ಆದ್ರೆ ಆರ್ಡರ್ ಮಾಡುವಾಗ ಬರೀ ಬ್ರಾಂಕೊ (ವೈಟ್) ಅನ್ಬೇಡಿ, ಸಿಹಿ ವೈಟ್ ಪೋರ್ಟೂ ಇದೆ, ಬ್ರಾಂಕೊ ಸೆಕೊ ಅನ್ನಿ, ಸೆಕೊ ಅಂದ್ರೆ ಡ್ರೈ.

ಟೈಮ್ ಇದ್ರೆ ಡೋರೊ ಕಣಿವೆಯ ದ್ರಾಕ್ಷಿ ತೋಟಗಳನ್ನೂ ನೋಡಿ. ಸಾವೊ ಬೆಂಟೊ ಸ್ಟೇಷನ್ನಿಂದ ಆ ಕಣಿವೆಯ ಪಿನ್ಯಾವೊ ಊರಿಗೆ ರೈಲಲ್ಲಿ ಸುಮಾರು ಎರಡೂವರೆ ಗಂಟೆ, ಹೋಗುವಾಗ ಬಲಗಡೆ ಕಿಟಕಿ ಹಿಡೀರಿ, ನದಿ ಆ ಕಡೆಗೇ ಬರತ್ತೆ. 1756ರಲ್ಲೇ ಗಡಿ ಗುರುತಿಸಿದ ವೈನ್ ಸೀಮೆ ಇದು, ಗುಡ್ಡಗಳೆಲ್ಲ ಮೆಟ್ಟಿಲು ಮೆಟ್ಟಿಲು, ಕಾಲಡಿ ಬರೀ ಪದರು ಪದರಾಗಿ ಒಡೆಯೋ ಕಲ್ಲು. ಬಿಳಿ ದ್ರಾಕ್ಷಿ ಜಾಸ್ತಿ ಇರೋದು ಮೇಲೆ ತಂಪು ಜಾಗದಲ್ಲಿ. ಕಾರ್ ಬಾಡಿಗೆಗೆ ತಗೊಂಡ್ರೆ ಓಡಿಸೋರು ಆ ದಿನ ಕುಡೀಲೇಬಾರದು, ರಸ್ತೆ ಪೂರ್ತಿ ತಿರುವು, ಪೋಲೀಸ್ ಚೆಕಿಂಗೂ ಇರತ್ತೆ.

ಬಾಟಲ್ ತರೋರಿಗೆ, ಲೇಬಲಲ್ಲಿ ಸೆಕೊ ಇಲ್ಲಾ ಎಕ್ಸ್‌ಟ್ರಾ ಸೆಕೊ ಅಂತ ಇದೆಯಾ, ಬಾಯಿ ಹತ್ತಿರ ಸರ್ಕಾರಿ ವೈನ್ ಸಂಸ್ಥೆಯ ಸೀಲ್ ಪಟ್ಟಿ ಇದೆಯಾ ನೋಡಿ. ಇಂಡಿಯಾಗೆ ಡ್ಯೂಟಿ ಇಲ್ಲದೆ ಒಬ್ಬರಿಗೆ 2 ಲೀಟರ್ ಮಾತ್ರ, ಚೆಕ್-ಇನ್ ಬ್ಯಾಗಲ್ಲಿ ಬಟ್ಟೆ ಮಧ್ಯೆ ಸುತ್ತಿಡಿ. ಇದು ವರ್ಷಗಟ್ಟಲೆ ಇಟ್ಟು ಹಳೇದು ಮಾಡೋ ವೈನ್ ಅಲ್ಲ, ಬೇಗ ಓಪನ್ ಮಾಡಿ, ಓಪನ್ ಆದ್ಮೇಲೆ ಫ್ರಿಜ್ಜಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಿ.