ಮೊದಲು ಗಡಿಯಾರ, ಆಮೇಲೆ ತಪ್ಪಿತಸ್ಥ

ರಾಯಭಾರ ಕಚೇರಿಯ ಮೇಲೆ ದಾಳಿಯಾದಾಗ ತನಿಖಾಧಿಕಾರಿ ಮೊದಲು ನೋಡಬೇಕಾದ ವಸ್ತು ಸಿಸಿಟಿವಿ ರೆಕಾರ್ಡರ್. ಜಾಗ ತುಂಬಿದಂತೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುವ ಯಂತ್ರವದು, ನಮಗಾಗಿ ಕಾಯುವುದಿಲ್ಲ. ಪ್ರತಿ ತೆಗೆದು, ಹ್ಯಾಶ್ (ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕೆ-ಅಕ್ಷರಗಳ ಗುರುತು) ಬರೆದಿಟ್ಟು, ಮೂಲ ಡಿಸ್ಕನ್ನು ಸೀಲ್ ಮಾಡಬೇಕು. ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸವಿದೆ: ಸರಿಯಾದ ಸಮಯ ತೋರಿಸುವ ಫೋನನ್ನು ಪರದೆಯ ಪಕ್ಕ ಹಿಡಿದು, ಎರಡೂ ಗಡಿಯಾರ ಕಾಣುವಂತೆ ಫೋಟೊ ತೆಗೆಯುವುದು. ಕ್ಯಾಮೆರಾ ನಾಲ್ಕು ನಿಮಿಷ ಮುಂದಿದ್ದು, ಸೈರನ್ ಹೊತ್ತು ಬರೆದ ಗೇಟಿನ ಲಾಗ್‌ಬುಕ್ ಸರಿ ಸಮಯದ್ದಾದರೆ, ಸೈರನ್ ಕೂಗಿದ ಮೇಲೂ ನಾಲ್ಕು ನಿಮಿಷ ಯಾರೂ ಕದಲಲಿಲ್ಲ ಎಂದೇ ಕಾಣುತ್ತದೆ. ಅಷ್ಟರಿಂದಲೇ ಒಬ್ಬರ ನೌಕರಿಗೆ ಕುತ್ತು ಬರಬಹುದು. ಯಾರಾದರೂ ಒಳ್ಳೆಯ ಮನಸ್ಸಿನಿಂದ ಟೈಮ್ ಸರಿಮಾಡಿಬಿಟ್ಟರಂತೂ ವ್ಯತ್ಯಾಸ ಎಷ್ಟಿತ್ತೆಂಬುದು ಕೈತಪ್ಪಿದಂತೆಯೇ.

ಸೆಕೆಂಡುಗಳಿಗೆ ಯಾಕಿಷ್ಟು ಬೆಲೆ ಎಂದರೆ ಕೀನ್ಯಾದ ನೈರೋಬಿಯನ್ನು ನೋಡಿ. 1998ರ ಆಗಸ್ಟ್ 7ರಂದು ಅಮೆರಿಕ ರಾಯಭಾರ ಕಚೇರಿಯ ಹಿಂಬದಿಗೆ ಟ್ರಕ್ ಬಂತು. ಕಾವಲುಗಾರ ಅಡ್ಡಗೋಲು ಎತ್ತಲಿಲ್ಲ. ಅವನ ಕೈಯಲ್ಲಿ ಬಂದೂಕಿರಲಿಲ್ಲ. ವೈರ್‌ಲೆಸ್‌ನಲ್ಲಿ, ಫೋನಿನಲ್ಲಿ ಒಳಗಿನ ಮೆರೀನ್ ಕಾವಲಿಗೆ ತಿಳಿಸಲು ನೋಡಿದ, ಉತ್ತರ ಬರಲಿಲ್ಲ. ದಾಳಿಕೋರ ಗ್ರೆನೇಡ್ ಎಸೆದ. ಸದ್ದು ಕೇಳಿ 'ಏನಾಯ್ತು' ಎಂದು ಸಿಬ್ಬಂದಿ ಕಿಟಕಿಗೆ ಬಂದರು. ಆಗ ಟ್ರಕ್ ಸಿಡಿಯಿತು, ಗಾಜು ಮುಖಕ್ಕೇ ಹಾರಿತು. ಅದೇ ಬೆಳಗ್ಗೆ ತಾಂಜಾನಿಯಾದ ದಾರ್ ಎಸ್ ಸಲಾಮ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ನಡೆದ ಸ್ಫೋಟವೂ ಸೇರಿ 224 ಜನ ಸತ್ತರು. ಅಡ್ಮಿರಲ್ ವಿಲಿಯಂ ಕ್ರೋ ನೇತೃತ್ವದ ಪರಿಶೀಲನೆ ಕಟ್ಟಡದ ಗೋಡೆಯ ಜೊತೆಗೆ ಈ ಕಿಟಕಿಯ ಓಟವನ್ನೂ ಗಮನಿಸಿತು: ವಾಹನ ಬಾಂಬಿಗೆಂದೇ ಬೇರೆ ಸೈರನ್, ಸದ್ದಾದ ಕೂಡಲೇ ನೆಲಕ್ಕೆ ಬೀಳುವ ಕವಾಯತು ಬೇಕೆಂದಿತು. 1983ರಲ್ಲಿ ಬೈರೂತ್‌ನ ಅಮೆರಿಕ ನೆಲೆಗಳ ಮೇಲಾದ ದಾಳಿಗಳ ನಂತರವೇ ರಸ್ತೆಯಿಂದ 100 ಅಡಿ ಅಂತರದ ಮಾನದಂಡ ಬಂದಿತ್ತು. ಆದರೆ ನೈರೋಬಿಯ ಕಟ್ಟಡ ಅದಕ್ಕಿಂತ ಹಳೆಯದು, ನಿಂತದ್ದು ನಗರದ ಮಧ್ಯದ ಗಿಜಿಗುಡುವ ವೃತ್ತದಲ್ಲಿ. 'ನಿಯಮ ಪಾಲಿಸಲಾಗಿದೆ' ಎಂಬ ಒಂದು ಸಾಲಿಗೆ ತೃಪ್ತರಾಗುವ ತನಿಖೆ ಇಂಥ ಕಡೆಯೇ ಎಡವುವುದು.

ಬೇಲಿಯಾಚೆ ನಮ್ಮ ಮಾತು ನಡೆಯುವುದಿಲ್ಲ. 1961ರ ವಿಯೆನ್ನಾ ಒಪ್ಪಂದದ 22ನೇ ವಿಧಿಯಂತೆ ರಾಯಭಾರ ಕಚೇರಿಯ ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಆತಿಥೇಯ ದೇಶದ ಪೊಲೀಸರು ಒಳಗೆ ಕಾಲಿಡುವಂತಿಲ್ಲ. ಹೊರಗಿನ ರಸ್ತೆ, ಅಲ್ಲಿನ ಸಾಕ್ಷಿಗಳು, ಅಂಗಡಿಗಳ ಕ್ಯಾಮೆರಾ ಎಲ್ಲ ಅವರ ಅಧೀನ. ಒಂದೇ ಬಾಂಬಿನ ಚೂರು ಎರಡೂ ಕಡೆ ಬಿದ್ದಿರುತ್ತದೆ! ಯಾರು ಏನು ಸಂಗ್ರಹಿಸುತ್ತಾರೆ, ಪ್ರತಿ ಯಾರಿಗೆ ಎಂಬುದನ್ನು ಮೊದಲ ದಿನವೇ ಲಿಖಿತವಾಗಿ ಪಡೆಯದಿದ್ದರೆ ಆಮೇಲೆ ಅರ್ಜಿ ಹಿಡಿದು ಅಲೆಯಬೇಕು. ಇನ್ನು ಸ್ಥಳಕ್ಕೇ ಹೋಗಲಾಗದಿದ್ದರೆ? 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಆವರಣದ ಮೇಲಾದ ದಾಳಿಯ ನಂತರ ಎಫ್‌ಬಿಐ ತಂಡ ಅಲ್ಲಿ ಕಾಲಿಟ್ಟದ್ದು ಅಕ್ಟೋಬರ್ 4ರಂದು. ಅಷ್ಟರಲ್ಲಿ ಪತ್ರಕರ್ತರು ಆ ಆವರಣದಲ್ಲಿ ಓಡಾಡಿ ಕಾಗದಪತ್ರ ಕಂಡಾಗಿತ್ತು.

ಬೆಂಗಾಜಿಯಲ್ಲಿ ರಾಯಭಾರಿ ಕ್ರಿಸ್ ಸ್ಟೀವನ್ಸ್ ಮತ್ತು ಸಿಬ್ಬಂದಿ ಶಾನ್ ಸ್ಮಿತ್‌ರನ್ನು ಕೊಂದದ್ದು ಗುಂಡಲ್ಲ, ಹೊಗೆ. ದಾಳಿಕೋರರು ಡೀಸೆಲ್ ಸುರಿದು ಬೆಂಕಿಯಿಟ್ಟಾಗ, ಒಳನುಗ್ಗುವವರನ್ನು ತಡೆಯಲೆಂದು ಭದ್ರಪಡಿಸಿದ್ದ ಜಾಗವೇ ಉಸಿರುಗಟ್ಟಿಸಿತು. ಸುರಕ್ಷಿತ ಕೋಣೆಯ ಪಟ್ಟಿಯಲ್ಲಿ ಬಾಗಿಲಿನ ದಪ್ಪದಷ್ಟೇ ಹೊಗೆ ಮುಖವಾಡ, ಒಳಗಿನಿಂದ ತೆರೆಯುವ ಕಿಟಕಿಗಳನ್ನೂ ನೋಡಬೇಕು.

ಹೊಣೆ ಹೊರಿಸುವ ಭಾಗ ಎಲ್ಲಕ್ಕಿಂತ ಕಷ್ಟ. ಇಂಥ ದಾಳಿಗಳ ಹೊಣೆ ಪರಿಶೀಲಿಸಲು 1986ರ ಅಮೆರಿಕ ಕಾನೂನು ಐವರ ಮಂಡಳಿಯನ್ನು ರೂಪಿಸಿತು: ನಾಲ್ವರು ವಿದೇಶಾಂಗ ಕಾರ್ಯದರ್ಶಿಯ ಆಯ್ಕೆ, ಒಬ್ಬರು ಗುಪ್ತಚರ ಮುಖ್ಯಸ್ಥರ ಆಯ್ಕೆ. ಭದ್ರತಾ ವ್ಯವಸ್ಥೆ ಸಾಕಷ್ಟಿತ್ತೇ, ಇದ್ದದ್ದನ್ನು ಸರಿಯಾಗಿ ಜಾರಿಮಾಡಿದ್ದರೇ ಎಂಬ ಎರಡು ಪ್ರಶ್ನೆಗಳನ್ನು ಆ ಕಾನೂನು ಬೇರೆ ಬೇರೆ ಇಟ್ಟದ್ದು ನನಗೆ ತುಂಬ ಹಿಡಿಸಿದ ಸಂಗತಿ. ಥಾಮಸ್ ಪಿಕರಿಂಗ್ ನೇತೃತ್ವದ ಬೆಂಗಾಜಿ ಮಂಡಳಿ 29 ಶಿಫಾರಸು ಕೊಟ್ಟಿತು. ಹಿರಿಯರ ನಿರ್ವಹಣೆಯಲ್ಲಿ ಲೋಪ ಕಂಡರೂ ಕಾನೂನಿನ ಅರ್ಥದಲ್ಲಿ ಯಾರೊಬ್ಬರೂ ಕರ್ತವ್ಯ ಉಲ್ಲಂಘಿಸಿಲ್ಲ ಎಂದಿತು, ಆ ಕಾನೂನನ್ನೇ ತಿದ್ದಿ ಎಂದೂ ಹೇಳಿತು. ಓದುವವರಿಗೆ ಇದು ಜಾರಿಕೊಂಡಂತೆ ಕಂಡರೂ, 'ಕೆಟ್ಟ ನಿರ್ಧಾರ'ಕ್ಕೂ 'ಕರ್ತವ್ಯಲೋಪ'ಕ್ಕೂ ನಡುವಿನ ಗೆರೆಯನ್ನು ಅವರು ಮುಚ್ಚಿಡಲಿಲ್ಲ.

ಹಾಗಾಗಿ ವಿನಾಯಿತಿಗಳ ಕಡತ ತೆಗೆಯಿರಿ. ಯಾವ ನಿಯಮದಿಂದ ವಿನಾಯಿತಿ, ಸಹಿ ಯಾರದು, 'ತಾತ್ಕಾಲಿಕ' ಎಂದು ಬರೆದು ಎಷ್ಟು ಬಾರಿ ಮುಂದೂಡಿದರು, ಹೆಚ್ಚುವರಿ ಸಿಬ್ಬಂದಿ ಕೇಳಿದ ಪತ್ರಕ್ಕೆ ಬಂದ ಉತ್ತರವೇನು. ಉತ್ತರವೇ ಬಾರದ ಪತ್ರವಿದ್ದರೆ ಅದರ ದಿನಾಂಕವನ್ನೂ ಕಾಲಾನುಕ್ರಮಕ್ಕೆ ಸೇರಿಸಿ, ಸೈರನ್ ಕೂಗಿದ ಹೊತ್ತಿಗಿಂತ ಮೇಲಿನ ಸಾಲಿನಲ್ಲಿ.